ಆ ನಂಬರನ್ನ ಹೊತ್ಕೊಂಡು ಹೋಗೋರು ಯಾರು?

ಪರಿಚಯದ ಡಾಕ್ಟರ್ ಮೇಡಂ ಒಬ್ರ ಕ್ಲಿನಿಕ್ಕಿಗೆ ಹೋದಾಗ ನೋಡ್ತೀನಿ, ರಿಸೆಪ್ಷನ್ ಕಂಪ್ಯೂಟರ್ ಮಾನಿಟರ್‌ಗೆ ಒಂದು ನಿಂಬೆಹಣ್ಣು ಎರಡು ಹಸಿಮೆಣಸಿನಕಾಯಿ ಕಟ್ಟಿದಾರೆ. ಸಿಪಿಯು ಮೇಲೆ ಆಯುಧಪೂಜೆ ಕುಂಕುಮ ಇದ್ರೆ ನಾನೇನೂ ಅನ್ನಲ್ಲ, ನಮ್ಮನೇದ್ರ ಮೇಲೂ ಇದೆ. ನಿಂಬೆಹಣ್ಣು ಯಾಕೆ ಅಂತ ಕೇಳ್ದೆ. "ದೃಷ್ಟಿ ಸಾರ್, ಎಂಟ್ರಿ ಮಾಡಿದ್ದು ಮಾರನೇ ದಿನ ನೋಡಿದ್ರೆ ಇರಲ್ಲ. ಬೆಳಗ್ಗೆ ಹೊತ್ತಿಂದೆಲ್ಲಾ ಸರಿಯಾಗಿರತ್ತೆ, ಮುಸ್ಸಂಜೆ ಹೊತ್ತು ಮಾಡಿದ್ದು ಮಾತ್ರ ಹೋಗ್ಬಿಡತ್ತೆ" ಅಂದ್ರು ಕಾಂಪೌಂಡರ್.

ಮುಸ್ಸಂಜೆ ಅಂದ ತಕ್ಷಣ ಅವರಿಗೆ ದೃಷ್ಟಿ ನೆನಪಾಗಿತ್ತು, ನನಗೆ ಡ್ಯೂಟಿ ಚೇಂಜ್ ನೆನಪಾಯ್ತು. ಬೆಳಗ್ಗೆ ಕೂರೋ ಹುಡುಗಿ ಬೇರೆ, ಸಂಜೆ ಕೂರೋ ಹುಡುಗ ಬೇರೆ.

ಮೇಡಂ ತಾವೇ ವಿಡಿಯೋ ನೋಡ್ಕೊಂಡು ಮೈಕ್ರೋಸಾಫ್ಟ್ ಆಕ್ಸೆಸ್ ಅನ್ನೋ ಸಾಫ್ಟ್‌ವೇರಲ್ಲಿ ಮಾಡಿಟ್ಟ ಡೇಟಾಬೇಸ್ ಅದು, ಚೆನ್ನಾಗೇ ಮಾಡಿದ್ರು. ಪೇಷಂಟ್ ಫಾರಂ ಒಂದು, ಅದರ ಕೆಳಗೆ ಹಳೇ ವಿಸಿಟ್‌ಗಳೆಲ್ಲಾ ಕಾಣೋ ಹಂಗೆ ಒಂದು ಸಬ್‌ಫಾರಂ, ಪಕ್ಕದಲ್ಲಿ "ಹೊಸ ವಿಸಿಟ್" ಅಂತ ಒಂದು ಬಟನ್ನು. ಅದನ್ನ ಒತ್ತಿದ್ರೆ ಬೇರೆ ಫಾರಂ ತೆರ್ಕೊಳತ್ತೆ, ಬಿಪಿ ಎಷ್ಟು, ಏನು ಮಾತ್ರೆ, ಫೀಸ್ ಎಷ್ಟು ಅಂತ ತುಂಬೋದು. ಬೆಳಗಿನ ಹುಡುಗಿ ಕೆಳಗಡೆ ಸಬ್‌ಫಾರಂನಲ್ಲೇ ಟೈಪ್ ಮಾಡ್ತಿದ್ಲು, ಸಂಜೆ ಹುಡುಗ ನೀಟಾಗಿ ಬಟನ್ ಒತ್ತಿ ಮಾಡ್ತಿದ್ದ. ಟೇಬಲ್, ಅಂದ್ರೆ ಎಂಟ್ರಿಗಳೆಲ್ಲಾ ಹೋಗಿ ಕೂರೋ ಪಟ್ಟಿ, ತೆಗೆದು ನೋಡಿದ್ರೆ ಅವನು ಮಾಡಿದ ಒಂದು ಎಂಟ್ರೀನೂ ಎಲ್ಲೂ ಹೋಗಿರ್ಲಿಲ್ಲ, ಬಿಪಿ ಇದೆ ಮಾತ್ರೆ ಇದೆ ಫೀಸ್ ಇದೆ, ಪೇಷಂಟ್ ಐಡಿ ಅನ್ನೋ ಕಾಲಂ ಮಾತ್ರ ಖಾಲಿ. ಯಾರ ಬಿಪಿ ಅಂತ ಬರೆದಿಲ್ಲ ಅಷ್ಟೇ. ಇಂಥವನ್ನ ಡೇಟಾಬೇಸ್ ಜನ ಆರ್ಫನ್ ಅಂತಾರೆ, ಅನಾಥ ರೆಕಾರ್ಡುಗಳು.

ಜನ ಏನು ಅಂದ್ಕೊಂಡಿರ್ತಾರೆ ಅಂದ್ರೆ, ಎರಡು ಫಾರಂ ಸ್ಕ್ರೀನ್ ಮೇಲೆ ಅಕ್ಕಪಕ್ಕ ಇದೆ, ಒಂದರಿಂದ ಇನ್ನೊಂದು ತೆರ್ಕೊಂಡಿದೆ, ಹಂಗಾದ್ಮೇಲೆ ಅದಕ್ಕೆ ಇದರ ಪರಿಚಯ ಇದ್ದೇ ಇರತ್ತೆ ಅಂತ. ಇರಲ್ಲ. ಎರಡನೇ ಫಾರಂಗೆ ತನ್ನನ್ನ ಯಾರು ತೆಗೆದ್ರು ಯಾವ ಪೇಷಂಟ್‌ಗೋಸ್ಕರ ತೆಗೆದ್ರು ಅಂತ ಏನೇನೂ ಗೊತ್ತಿರಲ್ಲ. ಡೇಟಾಬೇಸಲ್ಲಿ ಸಂಬಂಧ ಅಂದ್ರೆ ಎರಡು ಕಡೆ ಒಂದೇ ನಂಬರ್ ಬರೆದಿರೋದು, ಅದರಾಚೆಗೆ ಏನೂ ಇಲ್ಲ. ದಾರ ಇಲ್ಲ, ವೈರ್ ಇಲ್ಲ. ಆ ನಂಬರನ್ನ ಈ ಫಾರಂನಿಂದ ಆ ಫಾರಂಗೆ ಯಾರಾದ್ರೂ ಹೊತ್ಕೊಂಡು ಹೋಗಿ ಬರೀಲೇಬೇಕು.

ದರ್ಶಿನಿ ಹೋಟ್ಲು ನೆನಪಿಸ್ಕೊಳ್ಳಿ. ಕ್ಯಾಶ್ ಕೌಂಟರಲ್ಲಿ ದುಡ್ಡು ಕೊಟ್ರಿ, ಬಿಲ್ ಕೊಟ್ಟ. ಅದನ್ನ ತಗೊಂಡು ನೀವೇ ನಡ್ಕೊಂಡು ದೋಸೆ ಕೌಂಟರಿಗೆ ಹೋಗಿ ಇಡ್ತೀರ. ದೋಸೆ ಹಾಕೋನಿಗೆ ನೀವು ದುಡ್ಡು ಕೊಟ್ಟಿದ್ದು ಹೆಂಗೆ ಗೊತ್ತಾಯ್ತು? ನಾಲ್ಕೇ ಅಡಿ ದೂರದಲ್ಲಿ ಕ್ಯಾಶಿಯರ್ ಕೂತಿದಾನೆ, ಆದ್ರೂ ಆ ಚೀಟಿ ಇಲ್ದೆ ದೋಸೆ ಬರಲ್ಲ. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್ ಅಂತೂ ಇನ್ನೂ ಒಳ್ಳೇ ಉದಾಹರಣೆ, ಒಂದು ಟೋಕನ್ ನಿಮ್ಮ ಕೈಲಿ, ಅದೇ ನಂಬರ್ ಗೂಡಿನ ಮೇಲೆ. ನಿಮ್ಮ ಹೆಸರು ಗೋತ್ರ ಎಲ್ಲಾ ಒಳಗೆ ಅರ್ಚನೆಗೆ ಬೇಕು, ಚಪ್ಪಲಿಗೆ ಬೇಕಿಲ್ಲ. ಪಿಯುಸಿ ಕಾಮರ್ಸ್ ಓದಿದೋರಿಗೆ ಜರ್ನಲ್‌ನಲ್ಲಿ ಎಲ್.ಎಫ್. ಅಂತ ಒಂದು ಸಣ್ಣ ಕಾಲಂ ಇರೋದು ನೆನಪಿರಬಹುದು, ಲೆಡ್ಜರ್ ಫೋಲಿಯೋ, ಪರೀಕ್ಷೇಲಿ ಎಲ್ಲಾರೂ ಖಾಲಿ ಬಿಡ್ತಿದ್ವಿ. ಈ ಎಂಟ್ರಿ ಲೆಡ್ಜರ್‌ನ ಯಾವ ಪುಟಕ್ಕೆ ಹೋಯ್ತು ಅಂತ ಬರೆಯೋ ಜಾಗ ಅದು. ಅಂದ್ರೆ ಕಂಪ್ಯೂಟರ್ ಹುಟ್ಟೋದಕ್ಕೆ ಎಷ್ಟೋ ಮುಂಚೆನೇ ಲೆಕ್ಕ ಬರೆಯೋರು ನಂಬರ್ ಹೊತ್ಕೊಂಡು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಓಡಾಡ್ತಾ ಇದ್ರು.

ಇದು ಇಷ್ಟು ಸಿಂಪಲ್ ಅನ್ಸಿದ್ರೂ ಕಂಪ್ಯೂಟರ್ ಲೋಕ ಇಲ್ಲಿಗೆ ಬರೋಕೆ ಸಾಕಷ್ಟು ಜಗಳ ಆಡಿದೆ. 1960ರ ದಶಕದಲ್ಲಿ ನಿಜವಾಗ್ಲೂ ದಾರ ಇತ್ತು, ಅಂದ್ರೆ ಪಾಯಿಂಟರ್. ಈ ರೆಕಾರ್ಡ್ ಆದ್ಮೇಲೆ ಡಿಸ್ಕ್‌ನಲ್ಲಿ ಇಂಥಾ ಜಾಗಕ್ಕೆ ಹೋಗು ಅಂತ ಬರೆದಿಡೋರು. ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ಚಾರ್ಲ್ಸ್ ಬಾಕ್‌ಮನ್ ಈ ಥರ ರೆಕಾರ್ಡಿಂದ ರೆಕಾರ್ಡಿಗೆ ದಾರಿ ಹಿಡಿದು ಹೋಗೋ ಐಡಿಎಸ್ ಅನ್ನೋ ಸಿಸ್ಟಮ್ ಕಟ್ಟಿದ್ರು, 1973ರಲ್ಲಿ ಅವರಿಗೆ ಕಂಪ್ಯೂಟರ್ ಲೋಕದ ನೊಬೆಲ್ ಅನ್ನೋ ಟ್ಯೂರಿಂಗ್ ಪ್ರಶಸ್ತಿ ಬಂತು. ಐಬಿಎಂನ ಐಎಂಎಸ್ ಅನ್ನೋ ಡೇಟಾಬೇಸ್ ಹುಟ್ಟಿದ್ದು ಅಪೋಲೋ ಕಾರ್ಯಕ್ರಮಕ್ಕೆ, ರಾಕೆಟ್ಟಿನ ರಾಶಿ ರಾಶಿ ಬಿಡಿಭಾಗಗಳಲ್ಲಿ ಯಾವುದು ಯಾವುದರ ಒಳಗೆ ಕೂರತ್ತೆ ಅಂತ ಪಟ್ಟಿ ಇಡೋಕೆ. ಚಂದ್ರನವರೆಗೆ ಹೋಗೋಕೆ ಅದು ಸಾಕಾಯ್ತು ನಿಜ, ಆದ್ರೆ ಪಟ್ಟಿಯ ವಿನ್ಯಾಸ ಒಂಚೂರು ಬದಲಾಯ್ಸಿದ್ರೆ ಅದನ್ನ ನಂಬ್ಕೊಂಡಿದ್ದ ಪ್ರೋಗ್ರಾಮುಗಳೆಲ್ಲಾ ಮತ್ತೆ ಬರೀಬೇಕಾಗ್ತಿತ್ತು.

1970ರಲ್ಲಿ ಅದೇ ಐಬಿಎಂನ ಸ್ಯಾನ್ ಹೊಸೆ ಲ್ಯಾಬಲ್ಲಿದ್ದ ಎಡ್ಗರ್ ಕಾಡ್ ಒಂದು ಪೇಪರ್ ಬರೆದ್ರು. ಇಂಗ್ಲೆಂಡಲ್ಲಿ ಹುಟ್ಟಿ, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದ್ದ ಗಣಿತದ ಮನುಷ್ಯ. ಪಾಯಿಂಟರ್ ಎಲ್ಲಾ ಕಿತ್ತಾಕಿ, ಬರೀ ಟೇಬಲ್ ಇರ್ಲಿ, ಒಂದು ಟೇಬಲ್‌ನಲ್ಲಿರೋ ಮೌಲ್ಯವೇ ಇನ್ನೊಂದರಲ್ಲೂ ಇದ್ರೆ ಅದೇ ಸಂಬಂಧ, ಡಿಸ್ಕ್ ಮೇಲೆ ಎಲ್ಲಿದೆ ಅನ್ನೋದು ಬಳಸೋನಿಗೆ ಬೇಡ, ಇದು ಅವರ ವಾದದ ತಿರುಳು. ಐಎಂಎಸ್ ಚೆನ್ನಾಗಿ ಮಾರಾಟ ಆಗ್ತಿದ್ದ ಕಂಪನಿ ಇದನ್ನ ಮಾರ್ಕೆಟ್ಟಿಗೆ ತರೋಕೆ ಆತುರ ಮಾಡ್ಲಿಲ್ಲ, 1979ರಲ್ಲಿ ಒರಾಕಲ್‌ನವರು ಮುಂಚೆ ತಂದ್ಬಿಟ್ರು, ಐಬಿಎಂ ತನ್ನದು ತಂದಿದ್ದು 1981ರಲ್ಲಿ. ಕಾಡ್‌ಗೆ ಟ್ಯೂರಿಂಗ್ ಪ್ರಶಸ್ತಿ ಬಂದಿದ್ದೂ ಅದೇ ವರ್ಷ. ಇನ್ನೊಂದು ಹೇಳ್ಬಿಡ್ತೀನಿ, ಇದು ನನ್ನ ಹಳೇ ಹೊಟ್ಟೆನೋವು: ರಿಲೇಶನಲ್ ಡೇಟಾಬೇಸ್ ಅನ್ನೋ ಹೆಸರು ಟೇಬಲ್‌ಗಳ ಮಧ್ಯೆ ರಿಲೇಶನ್‌ಶಿಪ್ ಇರೋದ್ರಿಂದ ಬಂತು ಅಂತ ಕಾಲೇಜಲ್ಲೂ ಪಾಠ ಮಾಡ್ತಾರೆ. ಅಲ್ಲ. ಗಣಿತದ ಗಣ ಸಿದ್ಧಾಂತದಲ್ಲಿ ರಿಲೇಶನ್ ಅಂತ ಒಂದಿದೆ, ಕಾಡ್ ಒಂದೊಂದು ಟೇಬಲ್ಲನ್ನೇ ಆ ರಿಲೇಶನ್ ಅಂತ ಕರೆದಿದ್ದು.

ಸರಿ ಕ್ಲಿನಿಕ್ಕಿಗೆ ವಾಪಸ್. ಸಬ್‌ಫಾರಂನಲ್ಲಿ ಯಾಕೆ ಸರಿಯಾಗ್ತಿತ್ತು? ಅಲ್ಲಿ ಲಿಂಕ್ ಮಾಸ್ಟರ್ ಫೀಲ್ಡ್ಸ್, ಲಿಂಕ್ ಚೈಲ್ಡ್ ಫೀಲ್ಡ್ಸ್ ಅಂತ ಎರಡು ಪ್ರಾಪರ್ಟಿ ಇವೆ, ಎರಡಕ್ಕೂ ಪೇಷಂಟ್ ಐಡಿ ಕೊಟ್ಟಿದ್ರೆ ಆಕ್ಸೆಸ್ಸೇ ಕೂಲಿ ಥರ ನಂಬರ್ ಹೊತ್ಕೊಂಡು ಹೋಗಿ ಕೆಳಗೆ ತುಂಬತ್ತೆ. ಬಟನ್ ಒತ್ತಿ ತೆಗೆಯೋ ಫಾರಂಗೆ ಆ ಕೂಲಿ ಇಲ್ಲ. ಮೇಡಂ ಬಟನ್ನನ್ನ ವಿಝಾರ್ಡ್ (ಕೇಳಿದ್ದಕ್ಕೆ ಉತ್ತರ ಕೊಡ್ತಾ ಹೋದ್ರೆ ತಾನೇ ಮಾಡ್ಕೊಡೋ ಸಹಾಯಕ) ಇಟ್ಕೊಂಡು ಮಾಡಿದ್ರು, ಅದು ಫಾರಂ ತೆಗಿಯುವಾಗ "ಪೇಷಂಟ್ ಐಡಿ ಇಷ್ಟಿರೋದನ್ನ ಮಾತ್ರ ತೋರ್ಸು" ಅಂತ ಒಂದು ಷರತ್ತು ಕಳಿಸತ್ತೆ. ಇಲ್ಲೇ ಎಲ್ಲಾರೂ ಬೀಳೋದು. ಐಡಿ ಹೋಯ್ತಲ್ಲಾ, ಇನ್ನೇನು ಅಂತ. ಹೋಗಿದ್ದು ಜರಡಿಯಾಗಿ, ಹಿಟ್ಟಾಗಿ ಅಲ್ಲ. ಜರಡಿ ಇರೋದನ್ನ ಸೋಸತ್ತೆ, ಹೊಸದಾಗಿ ಏನನ್ನೂ ತುಂಬಲ್ಲ. ಲೈಬ್ರರಿಯೋರು ನಿಮಗೆ ಕುವೆಂಪು ಪುಸ್ತಕಗಳ ಕಪಾಟು ತೋರ್ಸಿದ್ರು ಅಂತಿಟ್ಕೊಳ್ಳಿ, ಅಲ್ಲಿ ನಿಂತ್ಕೊಂಡು ನೀವು ಬರೆದ ಕವಿತೆಗೆ ಕುವೆಂಪು ಹೆಸರು ತಾನಾಗೇ ಬರತ್ತಾ? ಹೊಸ ವಿಸಿಟ್ ಟೈಪ್ ಮಾಡಿದಾಗ ಐಡಿ ಖಾಲಿನೇ ಇರತ್ತೆ. ಆದ್ರೆ ಆಗ ತಾನೇ ತುಂಬಿದ ರೆಕಾರ್ಡು ಫಾರಂ ಮುಚ್ಚೋವರೆಗೂ ಕಣ್ಣೆದುರಿಗೇ ಇರತ್ತೆ, ಹುಡುಗ "ನಾನು ನೋಡ್ದೆ ಸಾರ್ ಸೇವ್ ಆಯ್ತು" ಅಂತ ಆಣೆ ಮಾಡಿ ಹೇಳ್ತಾನೆ, ಸುಳ್ಳಲ್ಲ. ಮಾರನೇ ದಿನ ಅದೇ ಜರಡಿ ಹಿಡಿದು ನೋಡಿದ್ರೆ ಖಾಲಿ ಐಡಿ ಇರೋದು ಜರಡಿಗೆ ಸಿಗಲ್ಲ. ಮಾಯ!

ಹಂಗಾದ್ರೆ ಡೇಟಾಬೇಸ್ ಯಾಕೆ ತಡೀಲಿಲ್ಲ, ಫಾರಿನ್ ಕೀ (ಈ ಕಾಲಂನಲ್ಲಿರೋ ನಂಬರ್ ಪೇಷಂಟ್ ಟೇಬಲ್‌ನಲ್ಲೂ ಇರ್ಲೇಬೇಕು ಅನ್ನೋ ನಿಯಮ) ಹಾಕಿದ್ರಲ್ಲ ಅಂದ್ರೆ, ಫಾರಿನ್ ಕೀ ತಡಿಯೋದು ಇಲ್ದೇ ಇರೋ ಪೇಷಂಟ್ ನಂಬರನ್ನ, ಖಾಲಿನ ಅಲ್ಲ. ಖಾಲಿ ಅಂದ್ರೆ ನಲ್, ಅದು "ಗೊತ್ತಿಲ್ಲ" ಅಂತ ಅರ್ಥ, ಗೊತ್ತಿಲ್ಲದ್ದನ್ನ ತಪ್ಪು ಅನ್ನೋಕಾಗಲ್ಲ ಅಂತ ಬಿಟ್ಬಿಡತ್ತೆ. ಆ ಫೀಲ್ಡಿಗೆ ರಿಕ್ವೈರ್ಡ್, ಅಂದ್ರೆ ಖಾಲಿ ಬಿಡೋ ಹಂಗಿಲ್ಲ, ಅಂತ ಬೇರೆ ಹಾಕ್ಬೇಕು.

ಸರಿಪಡಿಸೋದು ಎರಡು ಸಾಲಿನ ಕೆಲಸ. ಫಾರಂ ತೆಗಿಯೋವಾಗ ಓಪನ್ ಆರ್ಗ್ಸ್ ಅಂತ ಒಂದು ಜೇಬು ಇದೆ, ಅದರಲ್ಲಿ ಐಡಿ ಇಟ್ಟು ಕಳಿಸ್ಬೇಕು. ಆ ಕಡೆ ಫಾರಂ ಜೇಬಿಂದ ತೆಗೆದು ಬರ್ಕೋಬೇಕು. ಯಾವಾಗ ಬರ್ಕೋಬೇಕು ಅನ್ನೋದ್ರಲ್ಲಿ ಮಜಾ ಇದೆ. ಫಾರಂ ತೆರೆದ ತಕ್ಷಣ ಬರೆದ್ರೆ, ಸುಮ್ನೆ ಇಣುಕಿ ನೋಡಿ ಮುಚ್ಚಿದ್ರೂ ಒಂದು ಖಾಲಿ ವಿಸಿಟ್ ಸೇವ್ ಆಗ್ಬಿಡತ್ತೆ, ಪೇಷಂಟ್ ಬರ್ದೇ ಇದ್ರೂ ಬಂದ ಲೆಕ್ಕ. ಅದಕ್ಕೇ ಮೊದಲನೇ ಅಕ್ಷರ ಒತ್ತಿದಾಗ ನಡೆಯೋ ಬಿಫೋರ್ ಇನ್ಸರ್ಟ್ ಅನ್ನೋ ಹೊತ್ತಲ್ಲಿ ಬರೀಬೇಕು, ಇಲ್ಲಾ ಡೀಫಾಲ್ಟ್ ವ್ಯಾಲ್ಯೂ ಆಗಿ ಇಟ್ಟು ಕಾಯ್ಬೇಕು. ಊಟಕ್ಕೆ ಕೂತೋರಿಗೆ ಎಲೆ ಹಾಕ್ಬೇಕು, ಬಾಗಿಲಲ್ಲಿ ಇಣುಕಿದೋರಿಗೆಲ್ಲಾ ಹಾಕ್ತಾ ಹೋದ್ರೆ ಎಲೆ ಲೆಕ್ಕ ತಪ್ಪತ್ತೆ.

ಇನ್ನೊಂದು, ನಂಬರ್ ಹೊರೋದಕ್ಕೆ ಮುಂಚೆ ನಂಬರ್ ಹುಟ್ಟಿರ್ಬೇಕು. ಹೊಸ ಪೇಷಂಟ್ ಹೆಸರು ಟೈಪ್ ಮಾಡಿ ಸೇವ್ ಆಗೋದಕ್ಕೆ ಮುಂಚೆನೇ ವಿಸಿಟ್ ತೆಗೆದ್ರೆ, ಐಡಿ ಸ್ಕ್ರೀನಲ್ಲಿ ಕಾಣತ್ತೆ ಆದ್ರೆ ಟೇಬಲ್‌ನಲ್ಲಿ ಆ ಮನುಷ್ಯ ಇನ್ನೂ ಇಲ್ಲ. ಮಗು ಹುಟ್ಟೋದಕ್ಕೆ ಮುಂಚೆ ಕುಲಾವಿ ಹೊಲಿಸಿದ ಹಂಗೆ. ಆಕ್ಸೆಸ್ ಆಗ "ಸಂಬಂಧಪಟ್ಟ ರೆಕಾರ್ಡ್ ಬೇಕು" ಅಂತ ಎಗರಾಡತ್ತೆ. ಸಬ್‌ಫಾರಂನಲ್ಲಿ ಕಾಲಿಟ್ಟ ತಕ್ಷಣ ಮೇಲಿಂದು ತಾನಾಗೇ ಸೇವ್ ಆಗತ್ತೆ, ಬಟನ್‌ನಲ್ಲಾದ್ರೆ ನಾವೇ ಮಾಡ್ಬೇಕು, "ಮಿ ಡಾಟ್ ಡರ್ಟಿ ಈಕ್ವಲ್ ಟು ಫಾಲ್ಸ್" ಅಂತ. ನಾನು ಕೊಳಕು ಅನ್ನೋದು ಸುಳ್ಳು ಅಂತ ಬರೆದ್ರೆ ಹೋಗಿ ಸ್ನಾನ ಮಾಡ್ಕೊಂಡು, ಅಂದ್ರೆ ಸೇವ್ ಆಗಿ, ಬರತ್ತೆ. ಮುದ್ದಾಗಿದೆ ನನಗಂತೂ.

ವೆಬ್‌ನಲ್ಲೂ ಇದೇ ಕಥೆ, ಸ್ವಲ್ಪ ಅಪಾಯ ಜಾಸ್ತಿ. ಕೆಲವರು ಸೇವ್ ಮಾಡಿ, ಆಮೇಲೆ ಟೇಬಲ್‌ನ ಅತಿ ದೊಡ್ಡ ಐಡಿ ಯಾವುದು ಅಂತ ಕೇಳಿ ಅದೇ ನಮ್ಮದು ಅಂದ್ಕೋತಾರೆ. ಎರಡು ಕೌಂಟರಲ್ಲಿ ಒಂದೇ ಹೊತ್ತಿಗೆ ಎಂಟ್ರಿ ಆದ್ರೆ ಶುಗರ್ ರಿಪೋರ್ಟ್ ಪಕ್ಕದೋರ ಹೆಸರಿಗೆ. ವೆಬ್‌ನೋರು ಬಳಸೋ ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸಲ್ಲಿ ಲಾಸ್ಟ್ ಇನ್ಸರ್ಟ್ ಐಡಿ ಅಂತ ಇರೋದು ಇದಕ್ಕೇ, ಅದು ನಿಮ್ಮ ಕನೆಕ್ಷನ್ನಲ್ಲಿ ಹುಟ್ಟಿದ್ದನ್ನ ಮಾತ್ರ ಹೇಳತ್ತೆ. ಇನ್ನು ಐಡಿನ ಪೇಜಿಂದ ಪೇಜಿಗೆ ಹಿಡನ್ ಫೀಲ್ಡಲ್ಲಿಟ್ಟು ಕಳಿಸೋರು ಅದು ಬಚ್ಚಿಟ್ಟಿದೆ ಅಂತ ನಂಬಿರ್ತಾರೆ, ಬ್ರೌಸರಲ್ಲಿ ಯಾರು ಬೇಕಾದ್ರೂ ನೋಡಿ ತಿದ್ದಬಹುದು, ಸರ್ವರ್ ಈ ಮನುಷ್ಯನಿಗೆ ಈ ಐಡಿ ಮುಟ್ಟೋ ಹಕ್ಕಿದೆಯಾ ಅಂತ ಪ್ರತಿ ಸಲ ನೋಡ್ಬೇಕು.

ಇಷ್ಟೆಲ್ಲಾ ಯಾಕೆ, ಹೆಸರಲ್ಲೇ ಲಿಂಕ್ ಮಾಡ್ಬಾರ್ದಾ ಅಂತ ಮೇಡಂ ಕೇಳಿದ್ರು. ನಮ್ಮ ಕಡೆ ಹೆಸರು! ಒಂದೇ ಬೀದೀಲಿ ನಾಲ್ಕು ಮಂಜುನಾಥ, ಇನಿಶಿಯಲ್ ಒಬ್ಬನಿಗೆ ಊರಿಂದು, ಇನ್ನೊಬ್ಬನಿಗೆ ಅಪ್ಪಂದು. ಇಂಗ್ಲಿಷಲ್ಲಿ ಲಕ್ಷ್ಮಿ ಬರೀವಾಗ ಕೆಎಸ್ ಹಾಕೋರು ಒಬ್ರು ಎಕ್ಸ್ ಹಾಕೋರು ಒಬ್ರು. ಅದರ ಮೇಲೆ ಈ ನ್ಯೂಮರಾಲಜಿ, ಹೆಸರಿಗೆ ಒಂದು ಎ ಜಾಸ್ತಿ ಸೇರಿಸ್ಕೊಂಡ್ರೆ ಅದೃಷ್ಟ ಖುಲಾಯಿಸತ್ತೆ ಅಂತ. ಅದೃಷ್ಟದ್ದು ನನಗೆ ಗೊತ್ತಿಲ್ಲ, ಹಳೇ ವಿಸಿಟ್‌ಗಳೆಲ್ಲಾ ಕಳಚ್ಕೊಳೋದಂತೂ ಗ್ಯಾರಂಟಿ. ನಮ್ಮ ಪಹಣಿ ನೋಡಿ, ಜಮೀನು ಹುಡುಕೋಕೆ ಮಾಲೀಕರ ಹೆಸರು ನೆಚ್ಕೊಂಡಿಲ್ಲ. ಭೂಮಿ ತಂತ್ರಾಂಶದಲ್ಲಿ ಜಿಲ್ಲೆ ಆರಿಸಿದ್ರೆ ತಾಲ್ಲೂಕು ಬರತ್ತೆ, ಆಮೇಲೆ ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ, ಒಂದೊಂದೂ ಮುಂದಿನದಕ್ಕೆ ತನ್ನ ಮೌಲ್ಯ ದಾಟಿಸ್ತಾ ಹೋಗತ್ತೆ. ಸರ್ವೆ ನಂಬರ್ 42 ಒಂದನ್ನೇ ಹೊತ್ಕೊಂಡು ಹೋದ್ರೆ ಯಾವ ಊರಿನ 42? ಎಲ್ಲಾ ಸೇರಿದ್ರೇನೇ ಒಂದು ಕೀ. ಆಕ್ಸೆಸ್‌ನಲ್ಲೂ ಲಿಂಕ್ ಫೀಲ್ಡ್ಸ್‌ನಲ್ಲಿ ಸೆಮಿಕೋಲನ್ ಹಾಕಿ ಎರಡು ಮೂರು ಫೀಲ್ಡ್ ಕೊಡಬಹುದು.

ಅನಾಥ ವಿಸಿಟ್‌ಗಳನ್ನ ಮೇಡಂ ತಾರೀಖು, ಬಿಪಿ, ಮಾತ್ರೆ ನೋಡ್ಕೊಂಡು, ಚೀಟಿ ಪುಸ್ತಕ ಹಿಡ್ಕೊಂಡು, ಎರಡು ಭಾನುವಾರ ಕೂತು ಅವರವರ ಮನೆಗೆ ಸೇರಿಸಿದ್ರು.

ಅದಾದ ಒಂದು ತಿಂಗಳಿಗೆ ಮೇಡಂ ಫೋನು. "ಪೇಷಂಟ್ ಐಡಿ 412 ಆದ್ಮೇಲೆ 414 ಬಂದಿದೆ, 413 ಎಲ್ಲೋಯ್ತು, ಮತ್ತೆ ಶುರುವಾಯ್ತಾ?" ಅಂತ. ಯಾರೋ ಬಂದಿದ್ರು, ಹುಡುಗ ಹೆಸರಿನ ಮೊದಲನೇ ಅಕ್ಷರ ಒತ್ತಿದಾನೆ, ತಾನಾಗೇ ಐಡಿ ಕೊಡೋ ಆಟೋನಂಬರ್ ಆಗಲೇ 413 ಹರಿದು ಕೊಟ್ಟಿದೆ, ಅವರು ಫೋನ್ ಬಂತು ಅಂತ ಎದ್ದು ಹೋದ್ರು, ಇವನು ಎಸ್ಕೇಪ್ ಒತ್ತಿದ. ಹರಿದ ಟಿಕೆಟ್ ಮತ್ತೆ ಕಟ್ಟಿಗೆ ಅಂಟಲ್ಲ, ಆಟೋನಂಬರ್ ಕೆಲಸ ಬೇರೆ ಬೇರೆ ನಂಬರ್ ಕೊಡೋದು, ಸಾಲಾಗಿ ಕೊಡ್ತೀನಿ ಅಂತ ಅದು ಯಾರಿಗೂ ಮಾತು ಕೊಟ್ಟಿಲ್ಲ. ಇಷ್ಟನ್ನೂ ಸ್ಪೀಕರ್‌ಫೋನಲ್ಲಿ ವಿವರವಾಗಿ ಹೇಳ್ದೆ. ಆ ಕಡೆಯಿಂದ ಕಾಂಪೌಂಡರ್ ಧ್ವನಿ ಕೇಳಿಸ್ತು: "ನಾಲ್ಕು ಒಂದು ಮೂರು ಕೂಡಿದ್ರೆ ಎಂಟು ಮೇಡಂ, ಶನಿ ನಂಬರು. ಹೋಗಿದ್ದೇ ಒಳ್ಳೇದಾಯ್ತು ಬಿಡಿ."