ನೀಲಗಿರಿಯ ಜೌಗುನೆಲದಲ್ಲಿ ಹಳೆಯ ಮುಂಗಾರುಗಳ ಗುರುತು

ಊಟಿಯ ಸುತ್ತಲಿನ ಬೆಟ್ಟಗಳಲ್ಲಿ, ಸಮುದ್ರಮಟ್ಟದಿಂದ 2,000 ಮೀಟರಿಗೂ ಎತ್ತರದಲ್ಲಿ, ಹುಲ್ಲಿನ ಇಳಿಜಾರುಗಳು ಕೂಡುವ ತಗ್ಗುಗಳಲ್ಲಿ ಕಾಲಿಟ್ಟರೆ ಕುಸಿಯುವ ಕಪ್ಪು ಜೌಗುನೆಲವಿದೆ. ಸದಾ ನೀರು ನಿಲ್ಲುವ ಈ ತಗ್ಗುಗಳಲ್ಲಿ ಸತ್ತ ಗಿಡಗಳಿಗೆ ಆಮ್ಲಜನಕ ತಲುಪುವುದಿಲ್ಲ. ಬೆಟ್ಟದ ಚಳಿಯೂ ಸೇರಿ, ಅವು ಪೂರ್ತಿ ಕೊಳೆಯದೆ ಪದರಪದರವಾಗಿ ಶೇಖರವಾಗುತ್ತವೆ. ಪೀಟ್ ಎಂಬ ಈ ನಿಕ್ಷೇಪ ಸ್ಯಾಂಡಿನಲ್ಲಾ ಎಂಬಲ್ಲಿ 30,000 ವರ್ಷಗಳಿಗೂ ಹಳೆಯದು. ಅದರಡಿಯ ಬಂಡೆಗೆ ಸುಮಾರು 250 ಕೋಟಿ ವರ್ಷ ವಯಸ್ಸಾಗಿರುವುದರಿಂದ ಭೂವಿಜ್ಞಾನಿಗಳ ಎಣಿಕೆಯಲ್ಲಿ ಇದು ತೀರ ಈಚಿನ ಮಣ್ಣು.

ಇಂಥ ಮಣ್ಣಿನಿಂದ ಹಿಂದಿನ ಹವಾಮಾನವನ್ನು ತಿಳಿಯಲು ಮೊದಲು ಬಳಕೆಗೆ ಬಂದದ್ದು ಪರಾಗ. ಪರಾಗಕಣದ ಹೊರಕವಚ ಸುಲಭವಾಗಿ ನಾಶವಾಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಗಿಡದ ಬಳಗದ್ದೆಂದು ಗುರುತಿಸಬಹುದು. ಆದರೆ ಹುಲ್ಲುಗಳ ಪರಾಗವೆಲ್ಲ ಬಹುಮಟ್ಟಿಗೆ ಒಂದೇ ರೀತಿ ಇರುವುದರಿಂದ ಅದು ಯಾವ ಬಗೆಯ ಹುಲ್ಲು ಎಂದು ಹೇಳುವುದು ಕಷ್ಟ. ಆ ಕೊರತೆಯನ್ನು ತುಂಬಿದ್ದು ಇಂಗಾಲದ ಸಮಸ್ಥಾನಿಗಳು, ಅಂದರೆ ತೂಕದಲ್ಲಿ ಬೇರೆಬೇರೆಯಾದ ಇಂಗಾಲದ ಪರಮಾಣುಗಳು. ಮರಗಳೂ ಭತ್ತದಂಥ ಸಸ್ಯಗಳೂ ಗಾಳಿಯ ಇಂಗಾಲವನ್ನು ಹೀರುವಾಗ ಭಾರವಾದ ಇಂಗಾಲ-13ನ್ನು ಬಹಳಷ್ಟು ಬಿಟ್ಟುಬಿಡುತ್ತವೆ. ರಾಗಿ, ಜೋಳ, ಕಬ್ಬುಗಳೂ ಬಿಸಿಲುನಾಡಿನ ಅನೇಕ ಹುಲ್ಲುಗಳೂ ಬೇರೊಂದು ದ್ಯುತಿಸಂಶ್ಲೇಷಣಾ ಮಾರ್ಗವನ್ನು ಅನುಸರಿಸುವುದರಿಂದ ಅಷ್ಟಾಗಿ ಬಿಡುವುದಿಲ್ಲ. ಪ್ರಮಾಣಿತ ಮಾದರಿಗಿಂತ ಮೊದಲ ಗುಂಪಿನಲ್ಲಿ ಇಂಗಾಲ-13 ಸಾವಿರಕ್ಕೆ ಸುಮಾರು 27ರಷ್ಟು ಕಡಿಮೆಯಿದ್ದರೆ ಎರಡನೆಯದರಲ್ಲಿ 12-13ರಷ್ಟು ಮಾತ್ರ ಕಡಿಮೆ. ಗಿಡ ಸತ್ತು ಗುರುತು ಸಿಗದಷ್ಟು ಕರಗಿಹೋದ ಮೇಲೂ ಈ ವ್ಯತ್ಯಾಸ ಮಣ್ಣಿನಲ್ಲಿ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಹೋದ್ಯೋಗಿಗಳು 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ನೀಲಗಿರಿಯ ಪೀಟನ್ನು ಹೀಗೆಯೇ ಪರಿಶೀಲಿಸಿತು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ತುತ್ತತುದಿಯಲ್ಲಿದ್ದಾಗ, ಇಲ್ಲಿ ಎರಡನೆಯ ಗುಂಪಿನ, ಒಣಹವೆಗೆ ಒಗ್ಗುವ ಹುಲ್ಲು ಮೇಲುಗೈ ಪಡೆದಿತ್ತು. ಹಿಮಯುಗ ಮುಗಿಯುವ ಹೊತ್ತಿಗೆ ಮುಂಗಾರು ಬಲಗೊಂಡು ತೇವ ಬಯಸುವ ಮೊದಲ ಗುಂಪಿನ ಸಸ್ಯಗಳು ಹಬ್ಬಿದವು. ಕೆಲವು ಸಾವಿರ ವರ್ಷಗಳ ತರುವಾಯ ಮತ್ತೆ ಒಣಗಾಲ ಬಂತು.

ಪದರಗಳ ಕಾಲವನ್ನು ಇಂಗಾಲ-14 ಹೇಳುತ್ತದೆ. ಸತ್ತ ಗಿಡದಲ್ಲಿ ಅದು ತಾನಾಗಿ ಕ್ಷಯಿಸುತ್ತ ಹೋಗುತ್ತದೆ; ಅದರ ಅರ್ಧಾಯುಷ್ಯ, ಅಂದರೆ ಅರ್ಧಕ್ಕಿಳಿಯಲು ಹಿಡಿಯುವ ಕಾಲ, 5,730 ವರ್ಷ. ಸುಮಾರು 50,000 ವರ್ಷಗಳಾಚೆ ಅಳೆಯಲು ಏನೂ ಉಳಿಯುವುದಿಲ್ಲ. ತೊಂದರೆ ಕೊಡುವುದು ಬೇರುಗಳು: ಇಂದಿನ ಹುಲ್ಲಿನ ಎಳೆಬೇರು ಕೆಳಗಿನ ಪದರಕ್ಕೆ ಇಳಿದು ಹೊಸ ಇಂಗಾಲವನ್ನು ಬೆರೆಸಿದರೆ ಹಳೆಯ ಮಣ್ಣು ಎಳೆಯದಾಗಿ ಕಾಣುತ್ತದೆ. ಹಾಗಾಗಿ ಬೇರುಗಳನ್ನು ಆರಿಸಿ, ಆಮ್ಲ ಮತ್ತು ಕ್ಷಾರಗಳಲ್ಲಿ ತೊಳೆದ ಮೇಲೆಯೇ ಮಾದರಿಯನ್ನು ಅಳೆಯುತ್ತಾರೆ.

ಹುಲ್ಲು ಹೆಚ್ಚಿತೆಂದ ಮಾತ್ರಕ್ಕೆ ಮಳೆ ಕಡಿಮೆಯಿತ್ತೆಂದು ತೀರ್ಮಾನಿಸುವಂತೆಯೂ ಇಲ್ಲ. ಹಿಮಯುಗದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 190 ಭಾಗದ ಆಸುಪಾಸಿನಲ್ಲಿತ್ತು. ಕೈಗಾರಿಕಾ ಯುಗಕ್ಕೆ ಮುಂಚೆ ಅದು 280. ಆ ಅನಿಲ ವಿರಳವಾದಾಗ, ಮಳೆ ಸಾಕಷ್ಟಿದ್ದರೂ, ಎರಡನೆಯ ಗುಂಪಿನ ಹುಲ್ಲುಗಳಿಗೇ ಅನುಕೂಲ. ಬರದ ಪಾಲೆಷ್ಟು, ಗಾಳಿಯ ಪಾಲೆಷ್ಟು ಎಂಬುದನ್ನು ಒಂದೇ ಸಾಕ್ಷ್ಯದಿಂದ ಬಿಡಿಸಲಾಗದು. ಅದಕ್ಕೇ ಪರಾಗ, ಇದ್ದಿಲ ಚೂರು, ಅರಬ್ಬೀ ಸಮುದ್ರದ ತಳದ ಕೆಸರು ಎಲ್ಲವನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ.

ಹೀಗಿದ್ದರೂ ಒಂದು ವಿಷಯದಲ್ಲಿ ಈ ಮಣ್ಣಿನ ಸಾಕ್ಷ್ಯ ಗಟ್ಟಿಯಾದದ್ದೆಂದು ನನ್ನ ಎಣಿಕೆ. ಶೋಲಾ ಕಾಡನ್ನು, ಅಂದರೆ ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ನಿತ್ಯಹಸಿರು ಕಾಡನ್ನು, ಕಡಿದು ಸುಟ್ಟದ್ದರಿಂದಲೇ ನೀಲಗಿರಿಯ ಹುಲ್ಲುಗಾವಲು ಹುಟ್ಟಿತೆಂದು ನಂಬಿದವರಿದ್ದರು. ಬ್ರಿಟಿಷ್ ಆಡಳಿತದ ಕಣ್ಣಿಗೆ ಅದು ಬರಿಯ ಪಾಳುಭೂಮಿ. 19ನೇ ಶತಮಾನದಲ್ಲಿ ಆಸ್ಟ್ರೇಲಿಯದಿಂದ ತಂದ ಯೂಕಲಿಪ್ಟಸ್ ಮತ್ತು ವ್ಯಾಟಲ್ ಮರಗಳನ್ನು ಅಲ್ಲಿ ನೆಡುವುದು ಆರಂಭವಾಗಿ, ಸ್ವಾತಂತ್ರ್ಯಾನಂತರವೂ ಮುಂದುವರಿಯಿತು. ಆದರೆ ಈ ಬೆಟ್ಟಗಳಲ್ಲಿ ಬೇಸಾಯವೋ ಎಮ್ಮೆ ಸಾಕಣೆಯೋ ಶುರುವಾಗುವುದಕ್ಕೆ ಬಹುಕಾಲ ಮೊದಲೇ, ಹಿಮಯುಗದಲ್ಲಿಯೇ, ಹುಲ್ಲು ಇಲ್ಲಿತ್ತೆಂದು ಪೀಟ್ ತೋರಿಸುತ್ತದೆ. ಬೆಂಕಿ ಮತ್ತು ಮೇವು ಅದರ ಗಡಿಯನ್ನು ಆಚೀಚೆ ಸರಿಸಿರಬಹುದು, ಅಷ್ಟೆ.

ಈಗ ಅನೇಕ ಜೌಗುಗಳ ನೀರನ್ನು ಬಸಿದು ತರಕಾರಿ ಬೆಳೆಯಲಾಗುತ್ತಿದೆ. ನೀರಿಳಿದ ಪೀಟಿಗೆ ಗಾಳಿ ಹೊಕ್ಕೊಡನೆ ಕೊಳೆತ ಶುರುವಾಗುತ್ತದೆ, ಅದೂ ಮೇಲಿನಿಂದ. ಹೀಗೆ ಮೊದಲು ಹಾಳಾಗುವುದು ಕಳೆದ ಕೆಲವು ಶತಮಾನಗಳ ಪದರಗಳು. ಮಳೆಮಾಪಕಗಳ ದಾಖಲೆಯ ಪಕ್ಕದಲ್ಲಿಟ್ಟು ಮಣ್ಣಿನ ಲೆಕ್ಕ ಸರಿಯೇ ಎಂದು ಪರೀಕ್ಷಿಸಲು ಬೇಕಾದದ್ದೂ ಅವೇ.