ಕೋಪವಿಲ್ಲದಿದ್ದರೂ ಬೈಗುಳ ಬರುವುದೇಕೆ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ಅಡಿಕೆ ಕೊಯ್ಲು ಶುರುವಾದರೆ ನಮ್ಮ ಅಂಗಳದಲ್ಲಿ ಬೈಗುಳದ್ದೇ ಸುಗ್ಗಿ. ಜಗಳವಿಲ್ಲ, ಸಿಟ್ಟಿಲ್ಲ, ಆದರೂ ಮಾತಿಗೊಂದು ಹೊಲಸು ಶಬ್ದ. ಯಜಮಾನರದೂ ಅದೇ ಬಾಯಿ. ಕೇಳಿದರೆ "ಅದು ಬಾಯಿಚಟ, ಮನಸ್ಸಿಗೆ ಹಚ್ಚಿಕೊಳ್ಳಬೇಡ" ಎನ್ನುತ್ತಾರೆ. ನನಗೋ ಮೈ ಮುದುಡುತ್ತದೆ. ಜನ ಹೀಗೇಕೆ ಬೈಯುತ್ತಾರೆ? ನನ್ನದೇ ಅತಿಯಾಯಿತೆ?

ಉತ್ತರ: ಅತಿಯಾಗಿಲ್ಲ. ಆದರೆ ಯಜಮಾನರ ಮಾತಿನಲ್ಲೂ ಅರ್ಧ ನಿಜವಿದೆ. ಮೊದಲು ಆ ಅರ್ಧವನ್ನು ನೋಡೋಣ.

ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಹೆಬ್ಬೆರಳಿಗೆ ತಾಗಿದರೆ ಬಾಯಿಂದ ಬರುವುದು ದೇವರ ನಾಮವಲ್ಲ. ಆ ಬೈಗುಳ ಯಾರನ್ನೂ ಕುರಿತದ್ದಲ್ಲ, ಮೈಯೇ ಕೂಗಿಕೊಂಡದ್ದು. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರಿಚರ್ಡ್ ಸ್ಟೀಫನ್ಸ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ವಿದ್ಯಾರ್ಥಿಗಳ ಕೈಯನ್ನು ಕೊರೆಯುವ ತಣ್ಣೀರಿನಲ್ಲಿ ಅದ್ದಿಸಿ, ಒಮ್ಮೆ ಬೈಗುಳವನ್ನೂ ಮತ್ತೊಮ್ಮೆ ಸಾಮಾನ್ಯ ಪದವನ್ನೂ ಹೇಳಿಸಿದರು. ಬೈಯುತ್ತಿದ್ದಾಗ ಅವರು ಹೆಚ್ಚು ಹೊತ್ತು ತಾಳಿಕೊಂಡರು, ಎದೆಬಡಿತವೂ ಏರಿತು. 2020ರಲ್ಲಿ ಹೊಸದಾಗಿ ಹುಟ್ಟಿಸಿದ ಹುಸಿ ಬೈಗುಳಗಳನ್ನು ಕೊಟ್ಟು ನೋಡಿದಾಗ ಈ ಲಾಭ ಸಿಗಲಿಲ್ಲ. ಚಿಕ್ಕಂದಿನಲ್ಲಿ ಆಡಿ ಏಟು ತಿಂದ ಶಬ್ದಕ್ಕೇ ಆ ಕಸುವು ಎಂದು ತೋರುತ್ತದೆ. ಅವರ 2011ರ ಅಧ್ಯಯನ ನಿಮ್ಮ ಅಂಗಳಕ್ಕೆ ಇನ್ನೂ ಹತ್ತಿರದ್ದು: ದಿನವೂ ಹೆಚ್ಚು ಬೈಯುವವರಿಗೆ ನೋವಿನ ಹೊತ್ತಿನಲ್ಲಿ ಬೈಗುಳದಿಂದ ಸಿಗುವ ನೆರವು ಕಡಿಮೆ.

ಪಾರ್ಶ್ವವಾಯು ಬಡಿದು ಮಾತು ನಿಂತ ಕೆಲವರು ನೀರು ಬೇಕೆಂದು ಕೇಳಲಾರರು, ಬೈಗುಳ ಮಾತ್ರ ಸ್ಪಷ್ಟವಾಗಿ ಬರುತ್ತದೆ. ಅಜ್ಜನ ಬಾಯಿ ಕೆಟ್ಟಿತೆಂದು ಮನೆಯವರು ನಾಚಬೇಕಾಗಿಲ್ಲ. ಯೋಚಿಸಿ ಕಟ್ಟುವ ಮಾತಿಗೆ ಹೆಚ್ಚಿನವರಲ್ಲಿ ಮಿದುಳಿನ ಎಡಭಾಗ ಬೇಕು. ಬೈಗುಳ, ಎಣಿಕೆ, ಬಾಯಿಪಾಠವಾದ ಪ್ರಾರ್ಥನೆ ಇಂಥವು ಆ ಭಾಗಕ್ಕೆ ಪೆಟ್ಟಾದ ಮೇಲೂ ಉಳಿಯಬಲ್ಲವು. ಬಾಯಿಚಟ ಎಂಬ ಮಾತಿಗೆ ಇಷ್ಟು ಆಧಾರವಿದೆ.

ಆದರೆ ನೀವು ಕೇಳಿದ್ದು ನಗುನಗುತ್ತಾ ಆಡುವ ಬೈಗುಳವನ್ನು. ಅದು ಹುಟ್ಟುವುದು ಸಲಿಗೆಯಲ್ಲಿ. ಕೊನೆ, ಅಂದರೆ ಅಡಿಕೆಯ ಗೊನೆ, ತೆಗೆಯುವಾಗ ಗಮನಿಸಿ: ಮೇಲೆ ಮರದಿಂದ ಮರಕ್ಕೆ ದಾಟುವ ಕೊನೆಗಾರ, ಕೆಳಗೆ ಹಗ್ಗ ಹಿಡಿದವನು. ಕೊನೆ ಜಾರಿ ಬರುವಾಗ ಕೆಳಗಿನವನು ಗಳಿಗೆ ಮೈಮರೆತರೆ ಸಾಕು, "ಎಲ್ಲಿ ನೋಡುತ್ತಿದ್ದೀಯೋ ಮುಂಡೇದೇ" ಎಂದು ಮೇಲಿನಿಂದ ಬರುತ್ತದೆ. ಕೆಳಗಿನವನು ಅದಕ್ಕಿಂತ ದಪ್ಪನೆಯದೊಂದನ್ನು ಮೇಲಕ್ಕೆ ಕಳಿಸುತ್ತಾನೆ. ಇಬ್ಬರೂ ನಗುತ್ತಾರೆ. ಅವರಲ್ಲಿ ಒಬ್ಬನು ಇನ್ನೊಬ್ಬನಿಗೆ "ನೀವು" ಎನ್ನತೊಡಗಿದ ದಿನ ನಡುವೆ ಏನೋ ಕೆಟ್ಟಿದೆ ಎಂದೇ ಅರ್ಥ.

ಬೈಸಿಕೊಂಡವನಿಗೆ ತಿರುಗಿ ಬೈಯುವ ಸ್ವಾತಂತ್ರ್ಯ ಇದೆಯೇ ಎಂಬುದೇ ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆ. ಕೊನೆಗಾರನಿಗೂ ಹಗ್ಗದವನಿಗೂ ಅದಿದೆ. ಅದೇ ಶಬ್ದವನ್ನು ತೋಟದ ಒಡೆಯ ಅಂದರೆ ಆಳು ತಲೆ ತಗ್ಗಿಸುತ್ತಾನೆ, ಇಲ್ಲವೇ ನಕ್ಕುಬಿಡುತ್ತಾನೆ. ಆ ನಗುವಿನಲ್ಲಿ ಸಲಿಗೆಯಿಲ್ಲ, ನಾಳೆಯ ಕೂಲಿಯ ಚಿಂತೆಯಿದೆ. ಜಾತಿಯ ಹೆಸರು ಹಿಡಿದು ಬೈಯುವುದನ್ನಂತೂ ಬಾಯಿಚಟದ ಲೆಕ್ಕಕ್ಕೆ ಸೇರಿಸಲೇಬಾರದು. ಪರಿಶಿಷ್ಟ ಜಾತಿ, ಪಂಗಡದವರನ್ನು ಬೇರೆ ಜಾತಿಯವರು ನಾಲ್ಕು ಜನರ ಕಣ್ಣೆದುರು ಹಾಗೆ ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಕನಿಷ್ಠ 6 ತಿಂಗಳು, ಗರಿಷ್ಠ 5 ವರ್ಷ ಸೆರೆ.

ಕೊಡಗಿನ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಕಾಡಿನ ಮೂಲನಿವಾಸಿಗಳು ವೇಷ ಕಟ್ಟಿ, ದೇವರನ್ನೂ ದಾರಿಯಲ್ಲಿ ಸಿಕ್ಕವರನ್ನೂ ಬೈದು ಹಾಡಿ ದುಡ್ಡು ಕೇಳುತ್ತಾರೆ. ವರ್ಷವಿಡೀ ಬಾಯಿ ಮುಚ್ಚಿಕೊಂಡು ದುಡಿದವರಿಗೆ ತಿರುಗಿ ಬೈಯಲು ಅದೊಂದು ದಿನ.

ಇನ್ನು ನಿಮ್ಮ ಮೈ ಮುದುಡುವ ವಿಷಯ. ಗಂಡಸರಿಬ್ಬರ ನಡುವೆ ಹಾರಾಡುವ ಬೈಗುಳದಲ್ಲಿ ನಿಜವಾಗಿ ಬೈಸಿಕೊಳ್ಳುವವಳು ಹೆಣ್ಣು: ಒಬ್ಬನ ತಾಯಿ, ಒಬ್ಬನ ಅಕ್ಕ, ಗಂಡ ಸತ್ತವಳು. ಆ ಗಂಡ ಸತ್ತವಳು ಎಷ್ಟೋ ಸಲ ಅಲ್ಲೇ ಸುಲಿಯುವವರ ಸಾಲಿನಲ್ಲಿ ಕೂತಿರುತ್ತಾಳೆ. ತನ್ನ ಪಾಡು ಬೇರೆಯವರ ಬಾಯಲ್ಲಿ ಬೈಗುಳವಾಗುವುದನ್ನು ಕೇಳುತ್ತ, ಕೈ ನಿಲ್ಲಿಸದೆ ಅಡಿಕೆ ಸುಲಿಯುತ್ತಾಳೆ. ನಿನಗೆ ಹೇಗನ್ನಿಸುತ್ತದೆ ಎಂದು ಅವಳನ್ನು ಯಾರು ಕೇಳಿದ್ದಾರೆ? ತಿರುಗಿ ಬೈದರೆ ಬಾಯಿಬಡುಕಿ ಎಂಬ ಹೆಸರು ಬರುತ್ತದೆ. ನಿಮಗೆ ಆಗುವ ಸಂಕಟಕ್ಕೂ ಬೇರು ಇಲ್ಲಿಯೇ ಇದೆ. ಅದನ್ನು ನಾಜೂಕುತನವೆಂದು ತಳ್ಳಿಹಾಕುವುದು ಅನ್ಯಾಯ.

ಭಾಷೆಯದೂ ಒಂದು ಪಾತ್ರವಿದೆ. ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಇಂಗ್ಲಿಷ್ ಬೈಗುಳವನ್ನು ಸಲೀಸಾಗಿ ಆಡುವ ಕಾಲೇಜು ಹುಡುಗರಿಗೆ ಅದೇ ಅರ್ಥದ ಕನ್ನಡ ಶಬ್ದ ಹಿರಿಯರೆದುರು ಬಾಯಿಗೆ ಬಾರದು. ತುರ್ಕಿ ತಾಯ್ನುಡಿಯವರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಚರ್ಮದ ಬೆವರನ್ನು ಅಳೆದು ನೋಡಿದಾಗ, ನಿಷಿದ್ಧ ಪದಗಳು ಇಂಗ್ಲಿಷಿಗಿಂತ ತಾಯ್ನುಡಿಯಲ್ಲೇ ಹೆಚ್ಚು ಕಲಕಿದ್ದು ಕಂಡುಬಂತು.

ಹಾಗಾದರೆ ಮಾಡುವುದೇನು? ಬೈಯುವುದನ್ನೇ ಬಿಡಿ ಎಂದು ಯಜಮಾನರನ್ನು ಕೇಳಬೇಡಿ, ಅದು ಆಗುವ ಮಾತಲ್ಲ. ಯಾವ ಶಬ್ದ ನಿಮಗೆ ಆಗದೆಂದು ಒಂದೊಂದಾಗಿ ಹೇಳಿ, ಅದು ಯಾರಿಗೆ ತಾಗುತ್ತದೆಂದೂ ಹೇಳಿ. ಶನಿ, ಪೀಡೆ, ದರಿದ್ರ ಎಂದು ಹೆಣ್ಣಿನ ಹೆಸರೆತ್ತದ ಬೈಗುಳಗಳು ನಮ್ಮಲ್ಲಿ ಬೇಕಾದಷ್ಟಿವೆ. ಬೆರಳು ಕುಯ್ದಾಗ ಏನು ಬಂದರೂ ಬರಲಿ. ಆಳುಗಳಿಗೆ ಹೇಳುವುದು ಆಮೇಲೆ. ಒಡೆಯನ ಬಾಯಲ್ಲಿ ನಿಲ್ಲದ ಶಬ್ದವನ್ನು ಕೂಲಿಗೆ ಬಂದವರು ಬಿಡಲಿ ಎಂದರೆ ಯಾರೂ ಕೇಳುವುದಿಲ್ಲ.