ಫೈಬರ್ ದೋಣಿಯ ಪದರ ಬಿಡುವುದು ಯಾಕೆ?

ಮಂಜೇಶ್ವರ, ಕುಂಬಳೆ ಕಡೆಯ ಕಡಲ ಬದಿಯಲ್ಲಿ ಫೈಬರ್ ದೋಣಿ ಎಲ್ಲರಿಗೂ ಪರಿಚಿತ. ಅದು ಬಂಡೆಗೆ ತಾಗಿದರೆ ಹೊರಗೆ ಬರೀ ಗೀರು ಕಾಣಬಹುದು. ಒಳಗೆ ಅಂಗೈಯಗಲ ಪದರ ಬಿಟ್ಟಿರಬಹುದು.

ಅಚ್ಚಿನೊಳಗೆ ಗಾಜಿನ ನೂಲಿನ ಮ್ಯಾಟ್ ಹಾಸಿ, ರೆಸಿನ್ ಎಂಬ ಅಂಟು ಬಳಿದು, ರೋಲರ್ ಎಳೆದು ಗಾಳಿ ತೆಗೆಯುತ್ತಾರೆ. ಅದರ ಮೇಲೆ ಇನ್ನೊಂದು ಮ್ಯಾಟ್. ನೂಲು ಭಾರೀ ಗಟ್ಟಿ. ಆದರೆ ಎರಡು ಪದರಗಳನ್ನು ಹಿಡಿದಿಡುವುದು ರೆಸಿನ್ ಒಂದೇ. ಪೆಟ್ಟು ಬಿದ್ದಾಗ ಮೊದಲು ಬಿರಿಯುವುದೂ ಅದೇ. ಆ ಬಿರುಕು ಪದರಗಳ ಸಂದಿಯಲ್ಲೇ ಹರಡುತ್ತದೆ. ನೂಲು ತುಂಡಾಗುವುದು ಆಮೇಲೆ.

ಗಾಜಿನ ಎಳೆ ತೆಳುವಾದಷ್ಟೂ ಗಟ್ಟಿ ಎಂದು 1920ರ ಸುಮಾರಿಗೆ ತೋರಿಸಿದವರು ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್. ವಸ್ತು ಮುರಿಯುವುದು ಅದರಲ್ಲಿರುವ ಸೂಕ್ಷ್ಮ ಬಿರುಕುಗಳಿಂದ ಎಂದು ಹೇಳಿದವರೂ ಅವರೇ. ಮುಂದೆ ಅವರು ರೋಲ್ಸ್ ರಾಯ್ಸ್ ಸೇರಿದರು. ಇದೇ ಕಂಪನಿ 1960ರ ದಶಕದಲ್ಲಿ ಆರ್‌ಬಿ211 ಎಂಬ ವಿಮಾನದ ಎಂಜಿನ್ನಿಗೆ ಗಾಜಿನ ಬದಲು ಕಾರ್ಬನ್ ನೂಲು ಹಾಕಿದ ಫ್ಯಾನ್ ಎಲೆಗಳನ್ನು ಮಾಡಲು ಹೊರಟಿತು. ಹಗುರ, ಗಟ್ಟಿ, ಎಲ್ಲವೂ ಸರಿ. ಹಕ್ಕಿ ಬಡಿದರೆ ಏನಾಗುತ್ತದೆ ಎಂದು ನೋಡುವ ಪರೀಕ್ಷೆಯಲ್ಲಿ ಮಾತ್ರ ಎಲೆಗಳು ಒಡೆದುಹೋದವು. ಮತ್ತೆ ಟೈಟಾನಿಯಮ್ ಲೋಹಕ್ಕೇ ಮರಳಬೇಕಾಯಿತು. 1971ರ ಫೆಬ್ರವರಿಯಲ್ಲಿ ಕಂಪನಿಯೇ ದಿವಾಳಿ! ಆ ಎಂಜಿನ್ನಿನ ಖರ್ಚೇ ಅದನ್ನು ಮುಳುಗಿಸಿತು, ಬರೀ ಎಲೆಗಳಲ್ಲ.

ಅದೇ ವರ್ಷ ತ್ಸಾಯ್ ಮತ್ತು ವು ಎಂಬಿಬ್ಬರು ನೂಲು, ರೆಸಿನ್ ಸೇರಿದ ಇಂಥ ವಸ್ತು ಯಾವಾಗ ಸೋಲುತ್ತದೆ ಎಂದು ಲೆಕ್ಕ ಹಾಕುವ ಸೂತ್ರ ಕೊಟ್ಟರು. ಸೂತ್ರಗಳು ಹೆಚ್ಚುತ್ತಾ ಹೋದವು. 1990ರ ದಶಕದಲ್ಲಿ ಬ್ರಿಟನ್ನಿನ ಹಿಂಟನ್, ಸೋಡನ್ ಅವರು ಸೂತ್ರ ಮಾಡಿದ ಹಲವರಿಗೆ ಒಂದೇ ಬಗೆಯ ಲೆಕ್ಕ ಕೊಟ್ಟು ನೋಡಿದರು. ಉತ್ತರಗಳು ಒಂದಕ್ಕೊಂದು ತಾಳೆಯಾಗಲೇ ಇಲ್ಲ. ದೊಡ್ಡ ದೊಡ್ಡವರ ಕಥೆಯೇ ಹೀಗೆ ಅಲ್ವಾ!

ಹಾಗಾಗಿ ವಿಮಾನ ಕಟ್ಟುವವರು ಸೂತ್ರವನ್ನಷ್ಟೇ ನಂಬಿ ಕೂರುವುದಿಲ್ಲ. ಕಣ್ಣಿಗೆ ಕಾಣದ ಪೆಟ್ಟು ಇದ್ದೇ ಇದೆ ಎಂದುಕೊಂಡು, ಆಗಲೂ ಭಾರ ತಡೆಯುವಂತೆ ಕಟ್ಟುತ್ತಾರೆ. 2001ರಲ್ಲಿ ಮೊದಲ ಸಲ ಹಾರಿದ ನಮ್ಮ ತೇಜಸ್ ಯುದ್ಧವಿಮಾನದ ಒಡಲಲ್ಲೂ ಇಂಥ ವಸ್ತುವೇ ತುಂಬಾ ಇದೆ. ಅಲ್ಲಿ ಅಲ್ಟ್ರಾಸೌಂಡ್ ಹಾಯಿಸಿ ಪದರ ನೋಡುತ್ತಾರೆ.

ದೋಣಿಗೆ ಅಷ್ಟೆಲ್ಲ ಬೇಡ. ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಸಾಕು. ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ದಬ್. ವಿಮಾನದಲ್ಲೂ ಈ ಉಪಾಯ ನಡೆಯುತ್ತದೆ.

ಮೇಲಿಂದ ಸುಮ್ನೆ ಒಂದು ತೇಪೆ ಅಂಟಿಸಿದರೆ ಉಪಯೋಗವಿಲ್ಲ. ಪದರ ಬಿಟ್ಟ ಜಾಗವನ್ನು ಸುತ್ತಲೂ ಇಳಿಜಾರಾಗಿ ಉಜ್ಜಿ ತೆಗೆಯಬೇಕು. ಒಳಗೆ ಉಪ್ಪುನೀರು ಇಳಿದಿದ್ದರೆ ಸಿಹಿನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಬೇಕು. ಒದ್ದೆಯ ಮೇಲೆ ರೆಸಿನ್ ಹಿಡಿಯುವುದಿಲ್ಲ. ಮಳೆಗಾಲದಲ್ಲಂತೂ ಇದೇ ದೊಡ್ಡ ತಲೆನೋವು.